ಸಡಿಲಗೊಳ್ಳುವ ಹಲ್ಲು, ಸವೆಯುವ ದವಡೆ

“ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ” ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ವಯಸ್ಸಾದಂತೆ ಹಲ್ಲು ಬೀಳುವುದು ಪ್ರಕೃತಿಯ ನಿಯಮವೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಆದರೆ ಹುಳುಕಿಲ್ಲದ, ನೋಡಲು ಗಟ್ಟಿಯಾದ ಹಲ್ಲುಗಳು ನಡುವಯಸ್ಸಿನಲ್ಲಿ ಒಂದೊಂದಾಗಿ ಅಲುಗಾಡತೊಡಗಿದರೆ ಅದಕ್ಕೆ ಸಾಮಾನ್ಯವಾಗಿ ಕಾರಣ ವಯಸ್ಸಲ್ಲ, ರೋಗ. ದೋಷವಿರುವುದು ಹಲ್ಲಿನಲ್ಲಲ್ಲ, ಅದನ್ನು ಹಿಡಿದು ನಿಲ್ಲಿಸಿರುವ ಮೂಳೆಯಲ್ಲಿ. ಹಿಂದೆ ಪಯೋರಿಯ ಎಂದು ಕರೆಯುತ್ತಿದ್ದ ಈ ರೋಗಕ್ಕೆ ಇಂದು ಪೆರಿಯೊಡಾಂಟೈಟಿಸ್ ಎಂಬ ಹೆಸರಿದೆ.

ಪರಸ್ಥಳದಲ್ಲಿ ನೆಲಸಿರುವ ನಾವು ಈ ರೋಗದ ವಿಷಯದಲ್ಲಿ ಒಂದು ತಪ್ಪನ್ನು ಮೇಲಿಂದ ಮೇಲೆ ಮಾಡುತ್ತೇವೆ. ಬೆಳಗಿನ ಗಾಡಿ ಹಿಡಿಯುವ ಅವಸರದಲ್ಲಿ ಹಲ್ಲುಜ್ಜುವಾಗ ಉಗುಳಿನಲ್ಲಿ ರಕ್ತ ಕಂಡರೂ “ರಜೆಯಲ್ಲಿ ಊರಿಗೆ ಹೋದಾಗ ತೋರಿಸಿದರಾಯಿತು” ಎಂದು ಮುಂದೂಡುತ್ತೇವೆ. ಊರಿನಲ್ಲಿ ಇರುವುದು ಹತ್ತು ಹನ್ನೆರಡು ದಿನ. ಅಷ್ಟರಲ್ಲಿ ಪೂರ್ತಿಯಾಗುವ ಕೆಲಸ ಹಲ್ಲು ಕೀಳಿಸುವುದೊಂದೇ. ಉಳಿಸಬಹುದಾಗಿದ್ದ ಹಲ್ಲು ಹೀಗೆ ಕೈತಪ್ಪುತ್ತದೆ. ಇದೇಕೆ ತಪ್ಪೆಂಬುದನ್ನು ತಿಳಿಯಲು ಮೊದಲು ರೋಗದ ಸ್ವರೂಪವನ್ನು ಅರಿಯಬೇಕು.

ಹಲ್ಲಿನ ನೆಲೆಗಟ್ಟು

ಹಲ್ಲು ಗೋಡೆಗೆ ಹೊಡೆದ ಮೊಳೆಯಂತೆ ದವಡೆಯಲ್ಲಿ ನೆಟ್ಟಿಲ್ಲ. ಬೇರಿಗೂ ಅದರ ಸುತ್ತಲಿನ ಮೂಳೆಗೂ ನಡುವೆ ಮಿಲಿಮೀಟರಿನ ಕಾಲು ಭಾಗದಷ್ಟು ತೆಳುವಾದ ತಂತುಗಳ ಪದರವೊಂದಿದೆ. ಅಗಿಯುವಾಗಿನ ಒತ್ತಡವನ್ನು ತಾಳಿಕೊಳ್ಳುವುದು ಈ ತಂತುಗಳೇ. ಇವೆಲ್ಲವನ್ನೂ ವಸಡು ಮೇಲಿನಿಂದ ಮುಚ್ಚಿ ಕಾಪಾಡುತ್ತದೆ. ಆರೋಗ್ಯವಾದ ವಸಡಿಗೂ ಹಲ್ಲಿಗೂ ನಡುವಿನ ಸಂದಿನ ಆಳ 1ರಿಂದ 3 ಮಿಲಿಮೀಟರು ಮಾತ್ರ.

ರೋಗದ ಬೆಳವಣಿಗೆ

ಹಲ್ಲಿನ ಮೇಲೆ ಸೂಕ್ಷ್ಮಕ್ರಿಮಿಗಳಿಂದ ಕೂಡಿದ ಅಂಟಾದ ಪಾಚಿಯೊಂದು ಸದಾ ಕಟ್ಟಿಕೊಳ್ಳುತ್ತಿರುತ್ತದೆ. ಅದನ್ನು ತೆಗೆಯದಿದ್ದರೆ ಜೊಲ್ಲಿನಲ್ಲಿರುವ ಖನಿಜಗಳು ಸೇರಿ ಕೆಲವೇ ದಿನಗಳಲ್ಲಿ ಗಟ್ಟಿಯಾದ ಕಿಟ್ಟವಾಗುತ್ತದೆ. ಈ ಪಾಚಿಯೇ ವಸಡಿನ ರೋಗಕ್ಕೆ ಮೂಲವೆಂಬುದನ್ನು ಡೆನ್ಮಾರ್ಕಿನಲ್ಲಿ ಹರಾಲ್ಡ್ ಲೋ ಮತ್ತು ಅವರ ಸಹೋದ್ಯೋಗಿಗಳು 1965ರಲ್ಲಿ ತೋರಿಸಿಕೊಟ್ಟರು. ಆರೋಗ್ಯವಂತರಾದ 12 ಮಂದಿ ಹಲ್ಲುಜ್ಜುವುದನ್ನು ನಿಲ್ಲಿಸಿದಾಗ 10ರಿಂದ 21 ದಿನಗಳೊಳಗೆ ಎಲ್ಲರ ವಸಡಿಗೂ ಉರಿಯೂತ ಬಂದಿತು. ಮತ್ತೆ ಉಜ್ಜತೊಡಗಿದ ಸುಮಾರು ಒಂದು ವಾರದಲ್ಲಿ ಗುಣವಾಯಿತು.

ರೋಗ ವಸಡಿನಲ್ಲಷ್ಟೇ ಇರುವವರೆಗೆ ಪೂರ್ಣವಾಗಿ ವಾಸಿಯಾಗಬಲ್ಲದು. ಉಪೇಕ್ಷಿಸಿದರೆ ಕೆಲವರಲ್ಲಿ ಅದು ಒಳಗಿಳಿಯುತ್ತದೆ. ಕ್ರಿಮಿಗಳನ್ನು ಎದುರಿಸಲು ದೇಹವು ಹೂಡುವ ಹೋರಾಟದಲ್ಲಿ ಮೂಳೆಯನ್ನು ಕರಗಿಸುವ ಜೀವಕೋಶಗಳು ಚುರುಕಾಗಿ, ಬೇರಿನ ಸುತ್ತಲಿನ ಮೂಳೆ ಇಳಿಯುತ್ತದೆ. ವಸಡಿನ ಸಂದು ಆಳವಾಗಿ ಕ್ರಿಮಿಗಳ ಚೀಲವಾಗುತ್ತದೆ. ಇಷ್ಟೆಲ್ಲ ನಡೆಯುವಾಗಲೂ ನೋವು ಇರುವುದೇ ಅಪರೂಪ. ರಕ್ತ ಒಸರುವುದು, ಬಾಯಿಯ ದುರ್ವಾಸನೆ, ಹಲ್ಲು ಉದ್ದವಾದಂತೆ ಕಾಣುವುದು, ಮುಂದಿನ ಹಲ್ಲುಗಳ ನಡುವೆ ಹೊಸದಾಗಿ ಸಂದು ಬೀಳುವುದು — ಇವೇ ಮುನ್ಸೂಚನೆಗಳು.

ಎಲ್ಲರಲ್ಲಿಯೂ ರೋಗದ ವೇಗ ಒಂದೇ ಅಲ್ಲ. ಹಲ್ಲಿನ ಆರೈಕೆಯೂ ಚಿಕಿತ್ಸೆಯೂ ಇಲ್ಲದಿದ್ದ ಶ್ರೀಲಂಕಾದ 480 ಚಹಾತೋಟ ಕಾರ್ಮಿಕರನ್ನು 1970ರಿಂದ 1985ರವರೆಗೆ ಪರೀಕ್ಷಿಸಿದಾಗ ಶೇಕಡ 8 ಮಂದಿಯಲ್ಲಿ ರೋಗ ತೀವ್ರವಾಗಿ, ಶೇಕಡ 81 ಮಂದಿಯಲ್ಲಿ ಮಧ್ಯಮ ಗತಿಯಲ್ಲಿ ಮುಂದುವರಿದುದು ಕಂಡಿತು. ಉಳಿದ ಶೇಕಡ 11 ಮಂದಿಯಲ್ಲಿ ವಸಡಿನ ಉರಿಯೂತವನ್ನು ಮೀರಿ ಅದು ಬೆಳೆಯಲಿಲ್ಲ. ಆದುದರಿಂದ ನೆರೆಯವರು ಏನೂ ಮಾಡದೆ ಚೆನ್ನಾಗಿದ್ದಾರೆಂದು ನಾವೂ ಸುಮ್ಮನಿರುವುದು ವಿವೇಕವಲ್ಲ.

ರೋಗವನ್ನು ಉಲ್ಬಣಗೊಳಿಸುವ ಎರಡು ಸಂಗತಿಗಳು ಮುಖ್ಯ. ಮೊದಲನೆಯದು ತಂಬಾಕು. ಧೂಮಪಾನಿಗಳ ವಸಡಿನಲ್ಲಿ ರಕ್ತ ಒಸರುವುದು ಕಡಿಮೆಯಾಗಿ, ಮೂಳೆ ಸವೆಯುತ್ತಿದ್ದರೂ ಸುಳಿವು ಸಿಗುವುದಿಲ್ಲ. ಮಹಾರಾಷ್ಟ್ರದಲ್ಲಿ ಹಲ್ಲುಜ್ಜಲು ಬಳಸುವ ಮಿಶ್ರಿ ಎಂಬುದು ಹುರಿದು ಪುಡಿಮಾಡಿದ ತಂಬಾಕೇ. ಅದು ಹಲ್ಲಿಗೆ ಔಷಧವಲ್ಲ. ಎರಡನೆಯದು ಸಿಹಿಮೂತ್ರ ರೋಗ. ರಕ್ತದಲ್ಲಿ ಸಕ್ಕರೆ ಹತೋಟಿ ತಪ್ಪಿದರೆ ವಸಡು ಕೆಡುತ್ತದೆ. ವಸಡು ಕೆಟ್ಟರೆ ಸಕ್ಕರೆಯ ಹತೋಟಿಯೂ ಕಷ್ಟವಾಗುತ್ತದೆ. ವಸಡಿನ ಚಿಕಿತ್ಸೆಯಿಂದ ಎಚ್‌ಬಿಎ1ಸಿ ಪ್ರಮಾಣ ಸರಾಸರಿ ಸುಮಾರು 0.4 ಅಂಶದಷ್ಟು ಇಳಿಯುವುದು ಕಂಡುಬಂದಿದೆ.

ಚಿಕಿತ್ಸೆಯ ಹಂತಗಳು

ದಂತವೈದ್ಯರು ಮಿಲಿಮೀಟರಿನ ಗುರುತುಳ್ಳ ಸಣ್ಣ ಸಲಾಕೆಯಿಂದ ಪ್ರತಿಯೊಂದು ಹಲ್ಲಿನ ಸುತ್ತಲೂ ಸಂದಿನ ಆಳವನ್ನು ಅಳೆಯುತ್ತಾರೆ. ಕ್ಷಕಿರಣ ಚಿತ್ರದಿಂದ ಮೂಳೆ ಎಷ್ಟು ಇಳಿದಿದೆ ಎಂಬುದನ್ನು ತಿಳಿಯುತ್ತಾರೆ.

ಮೊದಲನೆಯ ಹಂತ ಶುದ್ಧೀಕರಣ. ವಸಡಿನ ಮೇಲಿನ ಕಿಟ್ಟವನ್ನಷ್ಟೇ ಅಲ್ಲದೆ, ಅಗತ್ಯವಿದ್ದಲ್ಲಿ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ಬೇರಿಗೆ ಅಂಟಿರುವ ಕಿಟ್ಟವನ್ನೂ ತೆಗೆಯುತ್ತಾರೆ. ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ಹೋಗಲಾಡಿಸಬೇಕು. “ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ” ಎಂದು ಹೆದರುವವರು ಬಹಳ. ಹಲ್ಲುಗಳ ನಡುವೆ ಗಾರೆಯಂತೆ ಕುಳಿತಿದ್ದ ಕಿಟ್ಟವನ್ನು ತೆಗೆದಾಗ ಮೊದಲೇ ಇದ್ದ ಸಡಿಲು ಬಯಲಾಗುತ್ತದೆಯೇ ಹೊರತು ಹೊಸದಾಗಿ ಹುಟ್ಟುವುದಿಲ್ಲ. ಊತ ಇಳಿದು ವಸಡು ಕುಗ್ಗುವುದರಿಂದ ಹಲ್ಲು ಉದ್ದವಾಗಿ ಕಾಣಬಹುದು. ಕೆಲವು ವಾರ ತಣ್ಣೀರು ಜುಮ್ಮೆನ್ನಿಸಬಹುದು. ವಸಡು ಮತ್ತೆ ಬಿಗಿದುಕೊಂಡಂತೆ ಎಷ್ಟೋ ಹಲ್ಲುಗಳ ಅಲುಗಾಟ ಕಡಿಮೆಯಾಗುತ್ತದೆ.

6ರಿಂದ 12 ವಾರಗಳ ಅನಂತರ ಮರುಪರೀಕ್ಷೆ ನಡೆಯುತ್ತದೆ. ಆಳವಾದ ಚೀಲಗಳು ಇನ್ನೂ ಉಳಿದಿದ್ದರೆ, ವಸಡನ್ನು ಬಿಡಿಸಿ ಬೇರನ್ನು ಕಣ್ಣಾರೆ ಕಂಡು ಶುಚಿಗೊಳಿಸುವ ಶಸ್ತ್ರಕ್ರಿಯೆ ಎರಡನೆಯ ಹಂತ.

ಹೋದ ಮೂಳೆ ಮರಳುವುದೇ?

ಕ್ಯಾಲ್ಸಿಯಂ ಮಾತ್ರೆಯಿಂದಾಗಲಿ, ದಂತಮಂಜನದಿಂದಾಗಲಿ ಕರಗಿದ ಮೂಳೆ ಬೆಳೆಯುವುದಿಲ್ಲ. ಮೂಳೆ ಎಲ್ಲ ಕಡೆಯೂ ಸಮನಾಗಿ ತಗ್ಗಿದ್ದರೆ ಉಳಿದುದನ್ನು ಕಾಪಾಡಿಕೊಳ್ಳುವುದೇ ಗುರಿ. ಬೇರಿನ ಪಕ್ಕದಲ್ಲಿ ಬಾವಿಯಂತೆ ಕುಳಿ ಬಿದ್ದಿದ್ದು, ಅದರ ಗೋಡೆಗಳು ಉಳಿದಿದ್ದರೆ ಮಾತ್ರ ಸ್ವಲ್ಪ ಮಟ್ಟಿಗೆ ಮೂಳೆಯನ್ನು ಮರಳಿ ಪಡೆಯಬಹುದು. ಕುಳಿಯಲ್ಲಿ ರೋಗಿಯದೇ ಮೂಳೆಯ ಚೂರನ್ನಾಗಲಿ, ಸಂಸ್ಕರಿಸಿದ ಅಥವಾ ಕೃತಕ ಮೂಳೆಯ ಪುಡಿಯನ್ನಾಗಲಿ ತುಂಬುವುದು ಒಂದು ವಿಧಾನ. ವೇಗವಾಗಿ ಬೆಳೆಯುವ ವಸಡಿನ ಚರ್ಮ ಕುಳಿಯೊಳಗೆ ಇಳಿಯದಂತೆ ತೆಳುಪೊರೆಯೊಂದನ್ನು ಅಡ್ಡವಿಟ್ಟು, ತಂತುಗಳಿಗೂ ಮೂಳೆಗೂ ಬೆಳೆಯಲು ಅವಕಾಶ ಕೊಡುವುದು ಇನ್ನೊಂದು. ಸ್ವೀಡನ್ನಿನಲ್ಲಿ ನೀಮನ್ ಮತ್ತು ಸಂಗಡಿಗರು 1982ರಲ್ಲಿ ಇದನ್ನು ವರದಿ ಮಾಡಿದರು. ಧೂಮಪಾನ ಬಿಡದವರಲ್ಲಿ ಇವುಗಳ ಫಲ ಕಡಿಮೆ.

ಕಿತ್ತರೆ ಮುಗಿಯಿತೇ?

ಹಲ್ಲು ಕಿತ್ತಮೇಲೆ ದವಡೆಯ ಆ ಭಾಗ ತನ್ನ ಅಗಲದಲ್ಲಿ ಸುಮಾರು ಅರ್ಧವನ್ನು ಒಂದೇ ವರ್ಷದಲ್ಲಿ ಕಳೆದುಕೊಳ್ಳಬಹುದು. ಅದರ ಹೆಚ್ಚಿನ ಪಾಲು ಮೊದಲ ಮೂರು ತಿಂಗಳಲ್ಲೇ. ಮುಂದೆ ಟೈಟೇನಿಯಂ ಲೋಹದ ಬೇರು ಕೂರಿಸಬೇಕೆಂದರೂ ಮೂಳೆ ಬೇಕು. ಆರೈಕೆಯಿಲ್ಲದಿದ್ದರೆ ಆ ಲೋಹದ ಬೇರಿನ ಸುತ್ತಲೂ ಮೂಳೆ ಇದೇ ರೀತಿ ಸವೆಯುತ್ತದೆ.

ಆಸ್ಟಿಯೊಪೊರೋಸಿಸ್ ಎಂಬ ಮೂಳೆರೋಗಕ್ಕಾಗಿ ಅಲೆಂಡ್ರೊನೇಟ್ ಮಾತ್ರೆಯನ್ನೋ ಜೊಲೆಡ್ರೊನಿಕ್ ಆಮ್ಲದ ಚುಚ್ಚುಮದ್ದನ್ನೋ ಪಡೆಯುತ್ತಿರುವ ತಾಯಂದಿರು ಹಲ್ಲು ಕೀಳಿಸುವ ಮುನ್ನ ಅದನ್ನು ದಂತವೈದ್ಯರಿಗೆ ತಪ್ಪದೆ ತಿಳಿಸಬೇಕು. ಅಪರೂಪವಾಗಿ ಇಂಥವರಲ್ಲಿ ಕಿತ್ತ ಗಾಯ ಮಾಯದೆ ದವಡೆಯ ಮೂಳೆ ಸಾಯುವುದುಂಟು. ಆದರೆ ವೈದ್ಯರನ್ನು ಕೇಳದೆ ತಾವಾಗಿ ಔಷಧ ನಿಲ್ಲಿಸಬಾರದು.

ಇರುವ ಊರಲ್ಲೇ ಚಿಕಿತ್ಸೆ

ಮೇಲಿನ ಹಂತಗಳನ್ನು ನೋಡಿದರೆ ವಾಚಕರಿಗೆ ಒಂದು ಮಾತು ಸ್ಪಷ್ಟವಾಗಿರಬಹುದು. ಶುದ್ಧೀಕರಣ, ವಾರಗಳ ಬಳಿಕ ಮರುಪರೀಕ್ಷೆ, ಬೇಕಾದರೆ ಶಸ್ತ್ರಕ್ರಿಯೆ, ಆಮೇಲೆ 3–4 ತಿಂಗಳಿಗೊಮ್ಮೆ ತಪಾಸಣೆ — ಇದು ರಜೆಯ ಹತ್ತು ದಿನಗಳಲ್ಲಿ ಮುಗಿಯುವ ಚಿಕಿತ್ಸೆಯಲ್ಲ. ಆದುದರಿಂದ ನಾವು ದುಡಿದು ಬಾಳುವ ನಗರದಲ್ಲೇ ಇದನ್ನು ಆರಂಭಿಸಬೇಕು. ಖಾಸಗಿ ಚಿಕಿತ್ಸೆಯ ವೆಚ್ಚ ಭರಿಸಲಾಗದವರಿಗೆ ಮುಂಬಯಿಯ ನಾಯರ್ ಆಸ್ಪತ್ರೆ ದಂತ ಮಹಾವಿದ್ಯಾಲಯ, ಚೆನ್ನೈ ಮತ್ತು ಹೈದರಾಬಾದಿನ ಸರಕಾರಿ ದಂತ ಮಹಾವಿದ್ಯಾಲಯಗಳು, ದೆಹಲಿಯ ಮೌಲಾನಾ ಆಜಾದ್ ದಂತವಿಜ್ಞಾನ ಸಂಸ್ಥೆ ಇವೆ. ಅಲ್ಲಿ ವಸಡಿನ ರೋಗಕ್ಕೆಂದೇ ಪೆರಿಯೊಡಾಂಟಿಕ್ಸ್ ಎಂಬ ಪ್ರತ್ಯೇಕ ವಿಭಾಗವುಂಟು.

ಇನ್ನುಳಿದುದು ಮನೆಯಲ್ಲಿ ನಮ್ಮ ಕೈಯಲ್ಲೇ ಇದೆ. ದಿನಕ್ಕೆರಡು ಬಾರಿ ಮೃದುವಾದ ಬ್ರಷ್ಷಿನಿಂದ ವಸಡಿನ ಅಂಚನ್ನು ಸಾವಕಾಶವಾಗಿ ಉಜ್ಜಬೇಕು; ರಾತ್ರಿ ಮಲಗುವ ಮುನ್ನ ಉಜ್ಜುವುದನ್ನು ತಪ್ಪಿಸಬಾರದು. ಹಲ್ಲುಗಳ ಸಂದನ್ನು ದಾರದಿಂದಲೋ ಸಂದಿಗೆಂದೇ ದೊರೆಯುವ ಪುಟ್ಟ ಬ್ರಷ್ಷಿನಿಂದಲೋ ದಿನಕ್ಕೊಮ್ಮೆ ಶುಚಿಮಾಡಬೇಕು. ಗುಂಡುಸೂಜಿ, ಕಡ್ಡಿಗಳಿಂದ ಕೆದಕಬಾರದು. ನಾಳೆ ಬೆಳಗ್ಗೆ ಹಲ್ಲುಜ್ಜಿ ಉಗುಳುವಾಗ ಒಮ್ಮೆ ಗಮನಿಸಿ ನೋಡಿರಿ. ನೀರಿನಲ್ಲಿ ಕೆಂಪು ಕಂಡರೆ ಮುಂದಿನ ರಜೆಗಾಗಿ ಕಾಯದೆ ಆ ವಾರದಲ್ಲೇ ಹತ್ತಿರದ ದಂತವೈದ್ಯರನ್ನು ಕಾಣಿರಿ.