ನೀರೇ ಹೊಲ: ಬಾಲ್ಕನಿಯ ಲೆಟ್ಯೂಸ್ ಕಲಿಸಿದ್ದು

ಬೆಂಗಳೂರಿನ ನಮ್ಮ ಮನೆಯ ಪೂರ್ವದ ಬಾಲ್ಕನಿಯಲ್ಲಿ ನಾಲ್ಕು ವರ್ಷದಿಂದ ಮಣ್ಣಿಲ್ಲದೆ ಲೆಟ್ಯೂಸ್ ಬೆಳೆಯುತ್ತಿದ್ದೇನೆ. ಗಿಡ ಸೊರಗಿದಾಗಲೆಲ್ಲ ಎಲೆ ತಿರುಗಿಸಿ ನೋಡುತ್ತಿದ್ದೆ. ನೋಡಬೇಕಾದ್ದು ನೀರನ್ನು ಎಂದು ತಿಳಿಯುವಷ್ಟರಲ್ಲಿ ಎರಡು ಬೆಳೆ ಕೈತಪ್ಪಿದ್ದವು.

1. ಬೀಜಕ್ಕಿಂತ ಮೊದಲು ನೀರು. ನಮ್ಮ ಬೋರ್‌ವೆಲ್ ನೀರಿನ ಟಿಡಿಎಸ್, ಅಂದರೆ ಕರಗಿದ ಲವಣಗಳ ಅಳತೆ, 900 ಪಿಪಿಎಂ ಇತ್ತು. ಗೊಬ್ಬರ ಬೆರೆಸಿದ ಮೇಲೂ ಲೆಟ್ಯೂಸಿಗೆ 600ರ ಆಸುಪಾಸು ಸಾಕು. ಅಂದರೆ ಗೊಬ್ಬರ ಹಾಕುವ ಮೊದಲೇ ಉಪ್ಪು ಮಿತಿ ಮೀರಿತ್ತು, ಅದೂ ಗಿಡ ಕೇಳಿದ ಉಪ್ಪಲ್ಲ. ಗಡಸು ನೀರಿನಲ್ಲಿ ಪಿಎಚ್ ಕೂಡ ಏರುತ್ತಲೇ ಹೋಗುತ್ತದೆ. ಅದು 5.5ರಿಂದ 6.5ರ ಒಳಗಿರಬೇಕು, ಮೀರಿದರೆ ಕಬ್ಬಿಣಾಂಶ ನೀರಿನಲ್ಲಿದ್ದರೂ ಬೇರಿಗೆ ದಕ್ಕದು. ಎಳೆಯ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದರೆ ಇದೇ ಕಾರಣವೆಂದು ಮೊದಲು ಅನುಮಾನಿಸಿ. ಈಗ ತಾರಸಿಯ ಮಳೆನೀರು ಹಿಡಿದಿಟ್ಟುಕೊಳ್ಳುತ್ತೇನೆ.

2. ಗೊಬ್ಬರ ಎ ಮತ್ತು ಬಿ ಎಂದು ಎರಡು ಬಾಟಲಿಗಳಲ್ಲಿ ಬರುವುದು ಸುಮ್ಮನಲ್ಲ. ನೀರು ಬೆರೆಸದೆ ಎರಡನ್ನೂ ಒಟ್ಟಿಗೆ ಸುರಿದರೆ ಕ್ಯಾಲ್ಸಿಯಂ, ಸಲ್ಫೇಟ್ ಮತ್ತು ಫಾಸ್ಫೇಟ್ ಜೊತೆ ಸೇರಿ ಬಿಳಿ ಗಸಿಯಾಗಿ ತಳ ಸೇರುತ್ತದೆ. ನೀರಿಗೆ ಮೊದಲು ಎ ಹಾಕಿ ಚೆನ್ನಾಗಿ ಕಲಕಿ, ಆಮೇಲೆ ಬಿ.

3. ಹೊಸಬರಿಗೆ ಪಂಪ್ ಬೇಡ. ಪೈಪಿನ ವ್ಯವಸ್ಥೆಯಲ್ಲಿ ಕರೆಂಟ್ ಹೋದರೆ ಬೇಸಿಗೆಯ ಮಧ್ಯಾಹ್ನ ಬೇರು ಬೇಗ ಒಣಗುತ್ತದೆ. ಹವಾಯಿ ವಿಶ್ವವಿದ್ಯಾಲಯದ ಬರ್ನಾರ್ಡ್ ಕ್ರಾಟ್ಕಿ ರೂಪಿಸಿದ ವಿಧಾನಕ್ಕೆ ಮುಚ್ಚಳವಿರುವ ಡಬ್ಬಿ, ಗಿಡ ಕೂರಿಸುವ ಜಾಲರಿ ಕುಂಡ (ನೆಟ್ ಪಾಟ್), ಗೊಬ್ಬರದ ನೀರು ಇಷ್ಟೇ ಸಾಕು. ಗಿಡ ಕುಡಿದಂತೆ ನೀರು ಇಳಿಯುತ್ತದೆ. ಮೇಲೆ ಉಳಿದ ಬೇರು ಆ ಖಾಲಿ ಜಾಗದಲ್ಲಿ ಉಸಿರಾಡುತ್ತದೆ. ಒಮ್ಮೆ ನೀರು ಕಡಿಮೆಯಾಯಿತಲ್ಲ ಎಂದು ಅಕ್ಕರೆಯಿಂದ ಕಂಠಮಟ್ಟ ತುಂಬಿಸಿದೆ. ಗಾಳಿಗೆ ಹೊಂದಿಕೊಂಡಿದ್ದ ಬೇರು ಮುಳುಗಿ, ಮೂರೇ ದಿನಕ್ಕೆ ಆರು ಗಿಡ ಜೋತುಬಿದ್ದವು. ನೀರು ಸೇರಿಸಲೇಬೇಕಾದರೆ ಬೇರಿನ ಮೇಲಿನ ಭಾಗ ಬಿಟ್ಟು ಸೇರಿಸಿ.

4. ಡಬ್ಬಿಯೊಳಗೆ ಬೆಳಕು ಹೋದರೆ ಪಾಚಿ. ಕಪ್ಪು ಬಣ್ಣ ಬಳಿದು, ಬಿಸಿಲಿಗೆ ಕಾಯದಂತೆ ಅದರ ಮೇಲೆ ಬಿಳಿ ಬಳಿಯಿರಿ.

5. ಬೀಜವನ್ನು ಕೋಕೋಪೀಟ್‌ನಲ್ಲಿ ಹೂಳಬೇಡಿ, ಮೇಲೆ ಉದುರಿಸಿ ಸಾಕು. ಮೊಳೆಯಲು ಅದಕ್ಕೆ ಬೆಳಕು ಬೇಕು, ತಂಪೂ ಬೇಕು. ಸೆಕೆಗೆ ಬೀಜ ಏಳದೆ ಮಲಗಿಬಿಡುತ್ತದೆ. ಒದ್ದೆ ಟಿಶ್ಯೂನಲ್ಲಿ ಸುತ್ತಿ ಎರಡು ದಿನ ಫ್ರಿಜ್ಜಿನಲ್ಲಿಟ್ಟರೆ ಎಚ್ಚರಗೊಳ್ಳುತ್ತದೆ.

6. ಎಳೆ ಎಲೆಯ ಅಂಚು ಸುಟ್ಟಂತಾದರೆ ಇನ್ನಷ್ಟು ಗೊಬ್ಬರ ಸುರಿಯಬೇಡಿ. ಹೆಚ್ಚಿನ ಸಲ ಗಾಳಿಯಾಡದೆ ಕ್ಯಾಲ್ಸಿಯಂ ಎಲೆಯ ತುದಿ ಮುಟ್ಟಿರುವುದಿಲ್ಲ. ಗಿಡಗಳ ನಡುವೆ ಒಂದು ಗೇಣು ಬಿಡಿ.

7. ಬೇಸಿಗೆಯೊಂದಿಗೆ ಗುದ್ದಾಡಬೇಡಿ. ಡಬ್ಬಿಯ ನೀರು 25 ಡಿಗ್ರಿ ದಾಟಿದರೆ ಬೇರು ಕೊಳೆಯುವ ಭಯ. ಮೇಲೆ ದಂಟು ಸರ್ರನೆ ಎದ್ದು ಗಿಡ ಹೂವಿಗೆ ಹೊರಡುತ್ತದೆ. ಮುರಿದರೆ ಹಾಲು ಒಸರುತ್ತದೆ, ಎಲೆ ಕಹಿ. ನೆರಳುಬಲೆ ಕಟ್ಟಿದೆ, ಐಸ್ ಬಾಟಲಿ ಇಟ್ಟೆ. ವಾರ ಮುಂದೂಡಿತೇ ಹೊರತು ತಪ್ಪಲಿಲ್ಲ. ಜೂನ್‌ನಿಂದ ಫೆಬ್ರುವರಿವರೆಗೆ ಲೆಟ್ಯೂಸ್. ಮಾರ್ಚ್ ಬಂತೆಂದರೆ ನಮ್ಮ ಡಬ್ಬಿಗಳಲ್ಲಿ ಬಸಳೆ.