ಭಾಷಾಸಂಶೋಧನೆ ಮತ್ತು ಆಕರದ ಮಿತಿ

ಕನ್ನಡ ಸಾಹಿತ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದು ಭಾಷಾವಿಜ್ಞಾನದಲ್ಲಿ ಪಿಎಚ್.ಡಿ. ಅಧ್ಯಯನ ಕೈಗೊಳ್ಳುವವರಿಗೆ ಎದುರಾಗುವ ಮೊದಲ ಪ್ರಶ್ನೆ ಆಕರದ್ದು. ‘ಪಾಲ್’ ಎಂಬುದು ‘ಹಾಲು’ ಆದ ಕಾಲವನ್ನು ನಿರ್ಣಯಿಸುವ ಸಂದರ್ಭವನ್ನೇ ಗಮನಿಸಬಹುದು. ಕಾವ್ಯಸಂಪ್ರದಾಯವು ಆಡುಮಾತಿನಲ್ಲಿ ಮರೆಯಾದ ಪಕಾರವನ್ನು ಮುಂದುವರಿಸಿರಬಹುದು. ನಂತರದ ಹಸ್ತಪ್ರತಿಗಳಲ್ಲಿ ಲಿಪಿಕಾರನ ಕಾಲದ ಹಕಾರವೂ ಸೇರಿರಬಹುದು. ಶಾಸನಪಾಠವಾದರೋ ಬಹುಮಟ್ಟಿಗೆ ತನ್ನ ಕಾಲದ ಬರಹವನ್ನೇ ಉಳಿಸಿಕೊಂಡಿರುತ್ತದೆ.

ಈ ದೃಷ್ಟಿಯಿಂದ ಎ.ಎನ್. ನರಸಿಂಹಯ್ಯ (1941) ಅವರು 6 ಮತ್ತು 7ನೆಯ ಶತಮಾನಗಳ ಶಾಸನಗಳಿಗೂ ಜಿ.ಎಸ್. ಗಾಯಿ (1946) ಅವರು 8ರಿಂದ 10ನೆಯ ಶತಮಾನದವರೆಗಿನ ಶಾಸನಗಳಿಗೂ ತಮ್ಮ ವ್ಯಾಕರಣಗಳನ್ನು ಸೀಮಿತಗೊಳಿಸಿದುದು ಮಹತ್ವದ್ದು. ಈ ಮಿತಿಯೇ ಅವರ ನಿರ್ಣಯಗಳ ಬಲ. ಸೂತ್ರವನ್ನು ಮೊದಲೇ ಒಪ್ಪಿಕೊಂಡು ಉದಾಹರಣೆಗಳನ್ನು ಹುಡುಕಹೊರಟರೆ ಭಾಷೆಯ ಬದಲಾವಣೆ ಕಣ್ತಪ್ಪುತ್ತದೆ. ಆದುದರಿಂದ ವಿಷಯ ನೋಂದಣಿಗೆ ಮುನ್ನವೇ ಆಕರದ ಕಾಲ, ಪ್ರದೇಶ, ಪ್ರಮಾಣಗಳನ್ನು ಸಂಶೋಧಕನು ಗೊತ್ತುಪಡಿಸಿಕೊಳ್ಳುವುದು ಅವಶ್ಯ.