ಗಂಟಿಗೆ ಹೆಸರು ಸಿಗುವವರೆಗೆ

ಬೆಳಗೋಡು ಹೋಬಳಿಯ ಹೆಂಗಸರ ಆರೋಗ್ಯ ನೋಡುತ್ತ ಬಂದ ವೈದ್ಯೆ ನಾನು. ಎದೆಯಲ್ಲಿ ಗಂಟು ಎಂದು ಬರುವವರಲ್ಲಿ ಹೆಚ್ಚಿನವರಿಗೆ ಇರುವುದು ಕ್ಯಾನ್ಸರ್ ಅಲ್ಲ. ಆದರೂ ಭಯ, ನಾಚಿಕೆ ಎರಡೂ ಸೇರಿ ‘ಕಾಫಿ ಕುಯ್ಲು ಮುಗೀಲಿ’ ಎಂದು ದಿನ ತಳ್ಳುತ್ತಾರೆ. ಅವರಿಗಾಗಿ ಈ ಮಾತುಗಳು.

1. ಮುಟ್ಟಿ ನೋಡಿ ‘ಏನಿಲ್ಲ, ಹೋಗಮ್ಮ’ ಎನ್ನುವುದು ಸಾಲದು. ಕೈಯಿಂದ ಪರೀಕ್ಷೆ, ಸ್ಕ್ಯಾನಿಂಗ್, ಬೇಕಾದರೆ ಸೂಜಿ ಹಾಕಿ ತೆಗೆದ ಚೂರಿನ ಪರೀಕ್ಷೆ: ಈ ಮೂರೂ ಒಂದೇ ಮಾತು ಹೇಳಬೇಕು. ಹರೆಯದವರಿಗೆ ಮೊದಲು ಅಲ್ಟ್ರಾಸೌಂಡ್, 40 ದಾಟಿದವರಿಗೆ ಮ್ಯಾಮೋಗ್ರಾಮ್ ಕೂಡ. ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆಯಲ್ಲಿ ತೋರಿಸಿ, ಅವರು ಹೇಳಿದರೆ ಹಾಸನದ ಹಿಮ್ಸ್ ಆಸ್ಪತ್ರೆಗೆ ಹೋಗಿ. ಸೂಜಿ ಹಾಕಿದರೆ ಗಂಟು ಹರಡುತ್ತದೆ ಎಂಬ ಮಾತನ್ನು ತೋಟದ ಕೆಲಸದವರ ಲೈನ್ ಮನೆಗಳಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಆ ಭಯಕ್ಕೆ ಪರೀಕ್ಷೆಯನ್ನು ಬಿಡಬೇಡಿ.

2. ಹದಿನೆಂಟು ಇಪ್ಪತ್ತರ ಹುಡುಗಿಯರಲ್ಲಿ ಸಾಮಾನ್ಯವಾಗಿ ಸಿಗುವುದು ಫೈಬ್ರೋಅಡಿನೋಮ ಎಂಬ, ಕ್ಯಾನ್ಸರ್ ಅಲ್ಲದ ಗಂಟು. ನೋವಿಲ್ಲ, ನುಣುಪು, ಒತ್ತಿದರೆ ಗೋಲಿಯಂತೆ ಬೆರಳಿನಿಂದ ಜಾರುತ್ತದೆ. ‘ಮದುವೆ ಆಗೋ ಹುಡುಗಿ ಡಾಕ್ಟ್ರಮ್ಮ, ಯಾರಿಗೂ ಗೊತ್ತಾಗಬಾರದು, ತೆಗೆದುಬಿಡಿ’ ಎಂದು ತಾಯಂದಿರು ಪಿಸುಗುಡುತ್ತಾರೆ. ಪರೀಕ್ಷೆಯಲ್ಲಿ ಖಚಿತವಾದ ಸಣ್ಣ ಗಂಟನ್ನು ಕೊಯ್ಯಬೇಕಾಗಿಲ್ಲ. ಆರು ತಿಂಗಳಿಗೊಮ್ಮೆ ಅಳತೆ ನೋಡಿದರೆ ಸಾಕು. ಕೆಲವು ತಾವಾಗಿಯೇ ಕುಗ್ಗುತ್ತವೆ. ಬೇಗ ಬೆಳೆಯುತ್ತಿದ್ದರೆ, ಮೂರು ಸೆಂಟಿಮೀಟರ್ ಮೀರಿದರೆ ತೆಗೆಸುವ ಮಾತು. ಇದರಿಂದ ಬಸಿರಿಗಾಗಲೀ ಹಾಲೂಡುವುದಕ್ಕಾಗಲೀ ಅಡ್ಡಿಯಿಲ್ಲ.

3. ನೋವೊಂದೇ ಇದ್ದರೆ ಅದು ಕ್ಯಾನ್ಸರ್ ಆಗಿರುವುದು ಅಪರೂಪ. ಮುಟ್ಟಿಗೆ ವಾರ ಮೊದಲು ಎರಡೂ ಕಡೆ ಭಾರವಾಗಿ, ಗಂಟುಗಂಟಾಗಿ, ಮುಟ್ಟಾದ ಮೇಲೆ ಇಳಿದರೆ ಅದು ಹಾರ್ಮೋನಿನ ಏರಿಳಿತ. ನಮ್ಮಲ್ಲಿ ಇನ್ನೊಂದು ನೋವಿದೆ. ಡಿಸೆಂಬರ್, ಜನವರಿಯಲ್ಲಿ ಇಡೀ ದಿನ ಕೊಂಬೆ ಬಗ್ಗಿಸಿ ಹಣ್ಣು ಕುಯ್ದು ಸಂಜೆ ಚೀಲ ಹೊತ್ತವರಿಗೆ ಪಕ್ಕೆಲುಬಿನ ಸ್ನಾಯು ನೋಯುತ್ತದೆ. ನೋವು ಮೊಲೆಯಲ್ಲೇ ಎಂದು ಅನಿಸುತ್ತದೆ. ಪಕ್ಕೆಯನ್ನು ಒತ್ತಿದಾಗ ಅದೇ ನೋವು ಎದ್ದರೆ ಗುಟ್ಟು ಗೊತ್ತಾಯಿತು. ಸರಿಯಾದ ಅಳತೆಯ ಒಳಉಡುಪು, ಡೈಕ್ಲೋಫೆನಾಕ್ ಮುಲಾಮು ಎರಡು ಬಗೆಯ ನೋವಿಗೂ ಆಗುತ್ತವೆ.

‘ಕಾಫಿ ಕುಡಿಯೋದು ಬಿಡ್ಬೇಕಾ?’ ಎಂದು ಕೇಳದವರೇ ಇಲ್ಲ. 1979ರ ಸುಮಾರಿಗೆ ಅಮೆರಿಕದ ಶಸ್ತ್ರವೈದ್ಯ ಜಾನ್ ಮಿಂಟನ್ ಕಾಫಿ, ಟೀ ಬಿಟ್ಟವರ ಗಂಟು ಕರಗಿತೆಂದು ಬರೆದ ಮೇಲೆ ಈ ಸಲಹೆ ಜಗತ್ತಿಗೆಲ್ಲ ಹಬ್ಬಿತು. ಆಮೇಲೆ ಹೋಲಿಕೆ ಮಾಡಿ ನಡೆಸಿದ ಪ್ರಯೋಗಗಳಲ್ಲಿ ಅದು ದೃಢಪಡಲಿಲ್ಲ. ಬಿಟ್ಟರೆ ಹಗುರ ಅನ್ನಿಸುವವರು ಬಿಡಲಿ, ನಾನಂತೂ ಯಾರಿಗೂ ಬಿಡಿ ಅನ್ನುವುದಿಲ್ಲ.

4. ಬಾಣಂತಿಯ ಮೊಲೆ ಕೆಂಪಾಗಿ, ಬಿಸಿಯಾಗಿ, ಚಳಿಜ್ವರ ಬಂದರೆ ಮನೆಯಲ್ಲಿ ಮೊದಲು ಆಗುವುದು ಮಗುವನ್ನು ದೂರ ಮಾಡುವುದು, ‘ಕೆಟ್ಟ ಹಾಲು’ ಎಂದು. ದಯವಿಟ್ಟು ಹಾಗೆ ಮಾಡಬೇಡಿ. ಆ ಹಾಲು ಮಗುವಿಗೆ ಕೆಡುಕಲ್ಲ. ಕುಡಿಸುವುದನ್ನು ಥಟ್ಟನೆ ನಿಲ್ಲಿಸಿದರೆ ಹಾಲು ಕಟ್ಟಿಕೊಂಡು ಬಾವು ಹೆಚ್ಚುತ್ತದೆ. ಬಲವಾಗಿ ತಿಕ್ಕುವುದೂ ಬೇಡ. ಎಂದಿನಂತೆ ಕುಡಿಸಿ, ತಣ್ಣೀರಿನ ಬಟ್ಟೆ ಇಡಿ. ಒಂದೆರಡು ದಿನದಲ್ಲಿ ಇಳಿಯದಿದ್ದರೆ ಆಂಟಿಬಯೋಟಿಕ್ ಬೇಕು. ಕೀವು ತುಂಬಿದ್ದರೂ ಸ್ಕ್ಯಾನ್ ನೋಡುತ್ತ ಸೂಜಿಯಿಂದ ಎಳೆದು ತೆಗೆಯಬಹುದು, ಎಲ್ಲರಿಗೂ ಕತ್ತರಿಸಬೇಕಿಲ್ಲ.

ಔಷಧಕ್ಕೆ ಬಗ್ಗದ ಕೆಂಪು, ಹಾಲೂಡದ ಹೆಂಗಸಿಗೆ ಬಂದ ಬಾವು, ಮತ್ತೆ ಮತ್ತೆ ಸೋರುವ ಹುಣ್ಣು ಬೇರೆ ಲೆಕ್ಕ. ನಮ್ಮ ದೇಶದಲ್ಲಿ ಮೊಲೆಗೂ ಕ್ಷಯ ಬರುತ್ತದೆ, ಬಾವಿನ ವೇಷದಲ್ಲಿ ಕ್ಯಾನ್ಸರ್ ಕೂಡ. ಅಲ್ಲಿ ಚೂರು ತೆಗೆದು ನೋಡಲೇಬೇಕು.

5. ಎರಡೂ ತೊಟ್ಟಿನಿಂದ ಹಾಲಿನಂಥ ದ್ರವ ಬಂದರೆ ನುಂಗುತ್ತಿರುವ ಮಾತ್ರೆಗಳ ಬಗ್ಗೆ ಕೇಳುತ್ತೇನೆ. ವಾಂತಿಗೆ ಕೊಡುವ ಡೊಂಪೆರಿಡೋನ್‌ನಿಂದಲೂ ಹೀಗಾಗುತ್ತದೆ. ಥೈರಾಯ್ಡ್ ಪರೀಕ್ಷೆಯೂ ಬೇಕು. ಒಂದೇ ತೊಟ್ಟಿನಿಂದ ತಾನಾಗಿ ರಕ್ತ ಒಸರಿದರೆ ಹೆಚ್ಚಾಗಿ ನಾಳದೊಳಗಿನ ಪ್ಯಾಪಿಲೋಮ ಎಂಬ ಸಣ್ಣ ಗಂಟು ಕಾರಣ, ಆದರೆ ಅದನ್ನು ಊಹೆಗೆ ಬಿಡುವಂತಿಲ್ಲ.

6. ಹುಟ್ಟಿದ ಮಗುವಿನ ಎದೆ ಉಬ್ಬಿರುವುದು ತಾಯಿಯ ಹಾರ್ಮೋನಿನಿಂದ, ಗಂಡಾದರೂ ಹೆಣ್ಣಾದರೂ. ಹಿಂಡಬೇಡಿ. ಹಿಂಡಿದಲ್ಲೇ ಕೀವಾಗುವುದು.

7. ಗಟ್ಟಿಯಾಗಿ ಅಲುಗದ ಗಂಟು, ಕಿತ್ತಳೆ ಸಿಪ್ಪೆಯಂಥ ಚರ್ಮ, ಹೊಸದಾಗಿ ಒಳಸೇರಿದ ತೊಟ್ಟು, ಒಂದೇ ತೊಟ್ಟಿನ ಮೇಲೆ ಮಾಯದ ಕಜ್ಜಿ, ಕಂಕುಳ ಗಂಟು ಕಂಡರೆ ಕುಯ್ಲು ಕಾಯಲಿ, ನೀವು ಕಾಯಬೇಡಿ. ಏನೂ ಕಾಣದಿದ್ದರೂ 30 ದಾಟಿದವರಿಗೆ ಐದು ವರ್ಷಕ್ಕೊಮ್ಮೆ ಎದೆ ಪರೀಕ್ಷೆ ಮಾಡಬೇಕೆಂದು ಸರ್ಕಾರದ ಕಾರ್ಯಕ್ರಮವೇ ಇದೆ. ಆಶಾ ಅಕ್ಕನನ್ನು ಕೇಳಿ.

8. ತೋಟದಿಂದ ತೋಟಕ್ಕೆ ಕೆಲಸ ಬದಲಿಸುವವರು ರೇಷನ್ ಕಾರ್ಡಿನ ಜೊತೆ ಸ್ಕ್ಯಾನಿಂಗ್ ಚೀಟಿಯನ್ನೂ ಇಟ್ಟುಕೊಳ್ಳಿ. ಯಾವ ಕಡೆಯ ಎದೆ, ಎಷ್ಟು ಸೆಂಟಿಮೀಟರ್, ಯಾವ ತಾರೀಖು ಎಂಬ ಮೂರು ವಿವರ ಅದರಲ್ಲಿದ್ದರೆ ಮುಂದಿನ ವೈದ್ಯರಿಗೆ ಗಂಟು ಬೆಳೆದಿದೆಯೋ ಇಲ್ಲವೋ ಹೇಳಲು ಬರುತ್ತದೆ.